ಕುಸ್ಕೊ ಊರು ಸುತ್ತೋಕೆ ಪುಕ್ಕಟೆ ವಾಕಿಂಗ್ ಟೂರಾ, ದುಡ್ಡಿನ ಗೈಡಾ? ಹೋಗಿ ಬಂದವರು ಹೇಳಿ

ಕಾವೇರಿಸೀಮೆ:
ನಮಸ್ಕಾರ. ಏಪ್ರಿಲ್ ಕೊನೆಗೆ ಅಪ್ಪ ಅಮ್ಮನ ಜೊತೆ ಪೆರುಗೆ ಹೊರಟಿದ್ದೇವೆ. ನಾವಿರುವುದು ನ್ಯೂಜೆರ್ಸಿ, ಅವರು ಮಂಡ್ಯದಿಂದ ಬಂದಿದ್ದಾರೆ. ಎಲ್ಲರಿಗೂ ಅಮೆರಿಕದ ವೀಸಾ ಇರುವುದರಿಂದ ಪೆರು ವೀಸಾದ ತಲೆನೋವಿಲ್ಲ. ಮಾಚು ಪಿಕ್ಚು ಟಿಕೆಟ್ ಆಗಿದೆ. ಇಂಕಾ ಅರಸರ ಹಳೇ ರಾಜಧಾನಿ ಕುಸ್ಕೊದಲ್ಲಿ ಮೂರು ದಿನ ಇರುತ್ತೇವೆ. ಊರು ನೋಡೋಕೆ ಟಿಪ್ ಮೇಲೆ ನಡೆಯುವ ಪುಕ್ಕಟೆ ವಾಕಿಂಗ್ ಟೂರ್ ಸಾಕಾ, ಗುಂಪಿನ ಟೂರಿಗೆ ದುಡ್ಡು ಕಟ್ಟಬೇಕಾ, ಇಲ್ಲಾ ನಮಗೇ ಅಂತ ಒಬ್ಬ ಗೈಡ್ ಮಾಡಿಕೊಳ್ಳಬೇಕಾ? ಅಪ್ಪನಿಗೆ 67, ಅಮ್ಮನಿಗೆ 62. ಅಮ್ಮನಿಗೆ ಮೊಣಕಾಲು ನೋವು, ಇಳಿಜಾರು ಮತ್ತು ಮೆಟ್ಟಿಲು ಇಳಿಯುವುದು ಕಷ್ಟ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಹಳೇಬಸ್ಸು:
ಪುಕ್ಕಟೆ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಆ ಪುಕ್ಕಟೆ ಟೂರ್ ನನಗೆ ಬಿದ್ದದ್ದು 540 ಸೋಲ್‌ಗೆ. ಆಗ ಒಂದು ಸೋಲ್ ಅಂದರೆ ಸುಮಾರು 22 ರೂಪಾಯಿ. ಹನ್ನೆರಡು ಸಾವಿರದ ಹತ್ತಿರ.

2023 ರ ಜುಲೈ. ನಾನು, ಹೆಂಡತಿ, ಇಬ್ಬರು ಮಕ್ಕಳು. ಬೆಳಿಗ್ಗೆ 10 ಕ್ಕೆ ಪ್ಲಾಸಾ ರೆಗೊಸಿಹೊ ಅನ್ನುವ ಚೌಕದಲ್ಲಿ ಹೋಗಿ ನಿಂತೆವು. ಅಲ್ಲಿ ಹಳದಿ ಅಂಗಿಯವರು, ಹಸಿರು ಅಂಗಿಯವರು, ನೀಲಿ ಕೊಡೆಯವರು. ಎಲ್ಲರೂ ‘ನಾವೇ ಅಸಲಿ’ ಅನ್ನುವವರೇ. ನಾವು ಬುಕ್ ಮಾಡಿದ್ದು ಒಂದು ಬಣ್ಣ, ಹೋಗಿ ಸೇರಿಕೊಂಡದ್ದು ಇನ್ನೊಂದು ಬಣ್ಣ. ಗುಂಪಿನಲ್ಲಿ 28 ಜನ. ಗೈಡ್ ಹೇಳುವುದು ಕೇಳಬೇಕಾದರೆ ಮುಂದಕ್ಕೆ ಓಡಬೇಕು. 3,400 ಮೀಟರ್ ಎತ್ತರದಲ್ಲಿ ಓಡುವುದು ಏನು ಅಂತ ಓಡಿದವರಿಗೇ ಗೊತ್ತು. ನಾನು ಮುಳ್ಳಯ್ಯನಗಿರಿ ಹತ್ತಿದವನು ಅಂತ ಜಂಬದಲ್ಲಿದ್ದೆ. ಅದು 1,900 ಚಿಲ್ಲರೆ ಮೀಟರ್ ಅಷ್ಟೇ ಅಂತ ಕುಸ್ಕೊದಲ್ಲಿ ಕೂತು ಏದುಸಿರು ಬಿಡುವಾಗ ಹೊಳೆಯಿತು.

ಎರಡೂವರೆ ಗಂಟೆಯ ಟೂರಿನಲ್ಲಿ 25 ನಿಮಿಷ ಅಲ್ಪಾಕಾ ಅನ್ನುವ ಪ್ರಾಣಿಯ ಉಣ್ಣೆಯ ಅಂಗಡಿ. ಹೆಂಡತಿಗೆ ‘ಬೇಬಿ ಅಲ್ಪಾಕಾ’ ಸ್ವೆಟರ್ 360 ಸೋಲ್. ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಎರಡು, 70. ಕೊನೆಗೆ ಮಾಳಿಗೆ ಮೇಲಿನ ಒಂದು ಬಾರ್. ಪಿಸ್ಕೊ ಅನ್ನುವ ದ್ರಾಕ್ಷಿ ಸಾರಾಯಿ ರುಚಿ ನೋಡುವುದು ಪುಕ್ಕಟೆ ಅಂದರು. ಬೆರಳಿನಷ್ಟು ಲೋಟ. ಮಕ್ಕಳು ಸುಮ್ನೆ ಕೂರುತ್ತಾರಾ? ನಿಂಬೆ ಶರಬತ್ತು, ಆಲೂ ಚಿಪ್ಸ್ ಸೇರಿ 52. ಟಿಪ್ 20 ಕೊಟ್ಟೆ. ಆಮೇಲೆ ಗೈಡ್ ಮುಖ ನೋಡಿ ಹೆಂಡತಿ ಇನ್ನೊಂದು 20 ಕೊಡಿಸಿದಳು. ಹೋಟೆಲ್‌ಗೆ ನಡೆಯೋಕೆ ಆಗದೆ ಟ್ಯಾಕ್ಸಿ 18. ಕೂಡಿಸಿ ನೋಡಿ.

ಊರಿಗೆ ಬಂದು ಸ್ವೆಟರ್ ಒಗೆದರೆ ಬಕೆಟ್ ನೀರು ಗುಲಾಬಿ ಬಣ್ಣ. ಗಂಟುಗಂಟಾಗಿ ಎದ್ದಿತು. ದರ್ಜಿ ಒಂದು ದಾರ ಎಳೆದು ಬೆಂಕಿ ಕಡ್ಡಿ ಗೀರಿ ತೋರಿಸಿದ. ಪ್ಲಾಸ್ಟಿಕ್ ಹಾಗೆ ಕರಗಿತು. ಆಮೇಲೆ ತಿಳಿಯಿತು, ಬೇಬಿ ಅಂದರೆ ಮರಿಯ ಉಣ್ಣೆ ಅಂತ ಅಲ್ಲವಂತೆ, ಎಳೆಯ ನವಿರಿಗೆ ಇಟ್ಟ ಹೆಸರಂತೆ. ನನ್ನದರಲ್ಲಿ ಬೇಬಿಯೂ ಇರಲಿಲ್ಲ, ಅಲ್ಪಾಕಾನೂ ಇರಲಿಲ್ಲ.

ಗುಂಡುಕಲ್ಲು:
ನಾಲ್ಕು ಜನಕ್ಕೆ 20 ಸೋಲ್ ಟಿಪ್? ತಲೆಗೆ ಐದು? ಎರಡೂವರೆ ಗಂಟೆ ಬಿಸಿಲಿನಲ್ಲಿ ಮಾತಾಡಿದವನಿಗೆ? ಅವನ ಮುಖ ಸಪ್ಪಗಾಗದೆ ಇನ್ನೇನಾಗುತ್ತದೆ.

ನಾನು 2019 ರಲ್ಲಿ ಒಬ್ಬನೇ ಹೋಗಿದ್ದೆ. ಅದೇ ಪುಕ್ಕಟೆ ಟೂರ್ ಎರಡು ಸಲ ಮಾಡಿದೆ, ಬೇರೆ ಬೇರೆ ಗೈಡ್. ಎರಡು ಸಲವೂ 50 ಕೊಟ್ಟೆ. ಮೊದಲನೆಯವನ ಜೊತೆ ಆಮೇಲೆ ಕಾಫಿ ಕುಡಿದೆ. ಕರೆದುಕೊಂಡು ಬಂದ ತಲೆಗೆ ಇಷ್ಟು ಅಂತ ಅವನೇ ಕಂಪನಿಗೆ ಕಟ್ಟಬೇಕು ಅಂದ. ನೀವು ಟಿಪ್ ಕೊಡದೆ ಜಾರಿಕೊಂಡರೂ ಅವನು ಕಟ್ಟಲೇಬೇಕು. ಅಂದರೆ ನಿಮ್ಮಂಥ ಸಂಸಾರ ಬಂದರೆ ಅವನಿಗೆ ಆ ದಿನ ನಷ್ಟ. ಅಲ್ಲಿ ಗೈಡ್ ಆಗೋಕೆ ಅದನ್ನೇ ಓದಿ ಪಾಸಾಗಬೇಕು, ಕೊರಳಲ್ಲಿ ಕಾರ್ಡ್ ಇರಬೇಕು. ಸುಮ್ನೆ ಬೀದಿಯಿಂದ ಬಂದವರಲ್ಲ.

ಅವನು ಊರ ನಡುವಿನ ದೊಡ್ಡ ಚೌಕ ಪ್ಲಾಸಾ ದೆ ಅರ್ಮಾಸ್‌ನಲ್ಲಿ ನಿಲ್ಲಿಸಿ ಎರಡನೇ ತುಪಾಕ್ ಅಮಾರು ಕಥೆ ಹೇಳಿದ. 1781 ರ ಮೇ 18. ಸ್ಪೇನಿನವರ ವಿರುದ್ಧ ಎದ್ದ ಆ ಮನುಷ್ಯನ ಕಣ್ಣೆದುರೇ ಹೆಂಡತಿ ಮಿಕೇಲಾ ಬಸ್ತಿದಾಸಳನ್ನು ಕೊಂದರು. ಆಮೇಲೆ ಅವನ ಕೈಕಾಲಿಗೆ ನಾಲ್ಕು ಕುದುರೆ ಕಟ್ಟಿ ಎಳೆಸಿದರು. ಕಿತ್ತು ಬರಲಿಲ್ಲ. ಕೊನೆಗೆ ತಲೆ ಕಡಿದರು. ಇದನ್ನೆಲ್ಲ ಹೇಳುವಾಗ ಪಕ್ಕದಲ್ಲಿ ಮಕ್ಕಳು ಪಾರಿವಾಳಕ್ಕೆ ಕಾಳು ಹಾಕುತ್ತಿದ್ದರು. ಆ ಹತ್ತು ನಿಮಿಷಕ್ಕೇ ನಾನು 50 ಕೊಟ್ಟದ್ದು. ನೀವು ಸ್ವೆಟರ್‌ಗೆ 360 ಕೊಟ್ಟಿರಿ. ತಪ್ಪು ಯಾರದು?

ಹಳೇಬಸ್ಸು:
ಅಂಗಡಿಗೆ ಕರೆದುಕೊಂಡು ಹೋದವನು ಯಾರು ಸ್ವಾಮಿ? ನಾನೇ ದಾರಿ ಹುಡುಕಿಕೊಂಡು ಹೋದೆನಾ? ಅವರ ಕಂಪನಿಯ ಒಳಲೆಕ್ಕ ನನ್ನ ತಲೆಗೆ ಯಾಕೆ ಕಟ್ಟುತ್ತೀರಿ? 50 ಬೇಕು ಅಂದರೆ 50 ಅಂತ ಬೋರ್ಡ್ ಹಾಕಲಿ. ಪುಕ್ಕಟೆ ಅಂತ ಕರೆದು ಕೊನೆಗೆ ಮುಖ ಸಪ್ಪಗೆ ಮಾಡಿದರೆ ಅದು ಬಾಯಿಬಿಡದೆ ಬೇಡಿದ ಹಾಗೆ.

ಗುಂಡುಕಲ್ಲು:
ಬೇಡುವುದು ಅಂದಿರಲ್ಲ, ಅದೇ ಮಾತನ್ನು ಇಟ್ಟುಕೊಳ್ಳಿ. ನಿಮ್ಮ ಬುದ್ಧಿ ಅಲ್ಲೇ ಕಾಣುತ್ತದೆ.

ಮೂರನೇಉಸಿರು:
ಟಿಪ್ ಜಗಳ ಆಮೇಲೆ ಆಡಿ. ನನಗೆ ಟೂರ್ ಮುಗಿಸುವ ಭಾಗ್ಯವೇ ಸಿಗಲಿಲ್ಲ.

ಲಿಮಾ ಸಮುದ್ರದ ಪಕ್ಕ. ಬೆಳಿಗ್ಗೆ 7 ಕ್ಕೆ ಅಲ್ಲಿ ವಿಮಾನ ಹತ್ತಿ ಒಂದೂಕಾಲು ಗಂಟೆಯಲ್ಲಿ ಕುಸ್ಕೊದಲ್ಲಿ ಇಳಿದೆವು. ಏನೂ ಅನ್ನಿಸಲಿಲ್ಲ. ಅದೇ ಮೋಸ. ಹೋಟೆಲಿನಲ್ಲಿ ಕೋಕಾ ಟೀ ಕೊಟ್ಟರು, ಕುಡಿದೆ. ಮಧ್ಯಾಹ್ನ 1 ಗಂಟೆಯ ಟೂರ್ ಹಿಡಿದೆ, ದಿನ ಯಾಕೆ ಹಾಳು ಮಾಡಬೇಕು ಅಂತ. ಕಥೆಡ್ರಲ್ ಮುಂದೆ ಚೆನ್ನಾಗಿದ್ದೆ. ಸ್ಯಾನ್ ಬ್ಲಾಸ್ ಅನ್ನುವ ಹಳೇ ಬಡಾವಣೆಯ ಏರು ಅರ್ಧ ಹತ್ತಿದಾಗ ಹಣೆಯ ಎರಡೂ ಕಡೆ ಸುತ್ತಿಗೆ ಶುರುವಾಯಿತು. ಒಂದು ಉಸಿರು ಎಳೆದರೆ ಸಾಲದು, ಎರಡು ಎಳೆದರೂ ಸಾಲದು. ಮೂರನೆಯದಕ್ಕೆ ಕೂತುಬಿಟ್ಟೆ. ಗೈಡ್ ಹುಡುಗಿ ಒಳ್ಳೆಯವಳು, ಕೈಗೆ ಮೂನ್ಯಾ ಸೊಪ್ಪು ಉಜ್ಜಿ ಮೂಸಿಸಿದಳು. ನಮ್ಮ ಪುದೀನದ ಹಾಗೆ ವಾಸನೆ. ರಾತ್ರಿ ವಾಂತಿ ನಿಲ್ಲಲಿಲ್ಲ. ಹೋಟೆಲಿನವರು ಒಂದು ಖಾಸಗಿ ಕ್ಲಿನಿಕ್‌ಗೆ ಕಳಿಸಿದರು. ಬೆರಳಿಗೆ ಕ್ಲಿಪ್ ಹಾಕಿದರೆ ಆಮ್ಲಜನಕ 76.

ಈಗ ಬಿಲ್ಲು. ಡಾಕ್ಟರ್ ನೋಡಿದ್ದಕ್ಕೆ 250. ಆಕ್ಸಿಜನ್ ಆರು ಗಂಟೆ, 480. ಡ್ರಿಪ್ ಎರಡು ಬಾಟಲಿ, 220. ಇಸಿಜಿ 150. ಹಾಸಿಗೆ 400. ಔಷಧಿ 140. ಒಟ್ಟು 1,640 ಸೋಲ್. ವಿಮೆಯವರು ಕೊಡಲಿಲ್ಲ. ನನಗೆ ಮೊದಲಿಂದ ಬಿಪಿ ಇತ್ತಂತೆ, ಅದನ್ನು ನಾನು ಹೇಳಿರಲಿಲ್ಲವಂತೆ. ಬಿಪಿಗೂ ಬೆಟ್ಟಕ್ಕೂ ಏನು ಸಂಬಂಧ ಅಂತ ಹನ್ನೊಂದು ಇಮೇಲ್ ಬರೆದೆ. ಹನ್ನೊಂದಕ್ಕೂ ಒಂದೇ ಉತ್ತರ.

ನಾನು ಹೇಳುವುದು ಇಷ್ಟೇ. ಮೊದಲು ಕುಸ್ಕೊದಲ್ಲಿ ಉಳಿಯಬೇಡಿ. ಏರ್‌ಪೋರ್ಟಿನಿಂದ ನೇರ ಕಾರಿನಲ್ಲಿ ಒಯಾಂತೈತಾಂಬೊಗೆ ಇಳಿದುಬಿಡಿ. ಅದು 2,800 ಮೀಟರ್. ಮಾಚು ಪಿಕ್ಚು ಇನ್ನೂ ಕೆಳಗೆ, 2,430. ರೈಲು ಹೇಗೂ ಒಯಾಂತೈತಾಂಬೊದಿಂದಲೇ ಸಿಗುತ್ತದೆ. ಅಲ್ಲಿ ಮೈ ಹದಕ್ಕೆ ಬಂದ ಮೇಲೆ ಕೊನೆಗೆ ಕುಸ್ಕೊ. ನಾವೆಲ್ಲ ಉಲ್ಟಾ ಮಾಡಿ ಸಾಯುತ್ತೇವೆ. ಎತ್ತರದ ಕಾಯಿಲೆಗೆ ಕೊಡುವ ಡಯಮಾಕ್ಸ್ ಮಾತ್ರೆ ನುಂಗಿಸುವುದಾದರೆ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದವರಿಗೆ ಆಗದಿರಬಹುದು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅದನ್ನು ನುಂಗಿದರೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಓಡಬೇಕು. ವಾಕಿಂಗ್ ಟೂರಿನಲ್ಲಿ ಶೌಚಾಲಯ ಎಲ್ಲಿದೆ?

ಶಿಫ್ಟ್ ಮುಗೀತು:
ಕೋಕಾ ಟೀ ಅಂದಿರಿ, ನನ್ನ ಗಾಯ ಕೆರೆದಿರಿ. ನಾನು ಅಮೆರಿಕದಲ್ಲಿ ಟ್ರಕ್ ಓಡಿಸುತ್ತೇನೆ. ವಾಪಸ್ ಬರುವ ದಿನವೂ ಚಳಿ ಅಂತ ಮೂರು ಲೋಟ ಆ ಟೀ ಕುಡಿದಿದ್ದೆ. ಮರುದಿನವೇ ಕಂಪನಿಯಲ್ಲಿ ಡ್ರಗ್ ಟೆಸ್ಟ್. ಕೊಕೇನ್ ಅಂತ ಬಂತು, ಅದನ್ನು ತೆಗೆಯುವುದೂ ಕೋಕಾ ಎಲೆಯಿಂದಲೇ. ಟೀ ಕುಡಿದೆ ಅಂದರೆ ನಗುತ್ತಾರೆ. ಏಳು ವಾರ ಗಾಡಿ ಇಲ್ಲ, ಸಂಬಳ ಇಲ್ಲ. ನ್ಯೂಜೆರ್ಸಿಯವರು ಅಂದಿರಲ್ಲ, ಅದಕ್ಕೇ ಹೇಳಿದೆ. ಆ ಎಲೆಯನ್ನು, ಟೀ ಚೀಲವನ್ನು ನೆನಪಿಗೆ ಅಂತ ಬ್ಯಾಗಿನಲ್ಲಿ ತರಬೇಡಿ. ಅಮೆರಿಕಕ್ಕೆ ತರುವುದು ಕಾನೂನಿಗೆ ವಿರುದ್ಧ.

ಅಕ್ಕಿರೊಟ್ಟಿ:
ನಾವು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ನಮಗೇ ಅಂತ ಒಬ್ಬ ಗೈಡ್, ನಾಲ್ಕು ಗಂಟೆಗೆ 100 ಡಾಲರ್. ಗಂಡ ಎರಡು ದಿನ ಗೊಣಗಿದರು. ನಾನು ಕೇಳಲಿಲ್ಲ. ಆ ನಾಲ್ಕು ಗಂಟೆ ಇಡೀ ಪ್ರವಾಸದಲ್ಲೇ ನಮ್ಮ ದುಡ್ಡು ಸಾರ್ಥಕ ಆದದ್ದು.

ಆಕೆ ಕೆಚುವಾ ಮನೆಮಾತಿನವಳು. ಅತ್ತೆಗೆ ಕನ್ನಡ ಮಾತ್ರ. ಆಕೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಕನ್ನಡ ಮಾಡುತ್ತಿದ್ದೆ. ಸಾಕ್ಸೈವಮಾನ್ ಕೋಟೆ ಹೆಸರು ಅತ್ತೆಯ ಬಾಯಲ್ಲಿ ‘ಸಾಕ್ಷಿ ವಾಮನ’ ಆಯಿತು. ಈಗಲೂ ಫೋಟೊ ತೋರಿಸುವಾಗ ಬಂದವರಿಗೆಲ್ಲ ಸಾಕ್ಷಿ ವಾಮನನ ದೇವಸ್ಥಾನ ಅನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ. (ಗುಂಪಿನ ಟೂರ್‌ಗಳಲ್ಲಿ ಈ ಹೆಸರಿನ ಮೇಲೆ ಒಂದು ಹಳಸಲು ಇಂಗ್ಲಿಷ್ ಜೋಕ್ ಮಾಡುತ್ತಾರೆ. ಹಿರಿಯರ ಮುಂದೆ ನಗುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.)

ಕಥೆಡ್ರಲ್‌ನಲ್ಲಿ ಕಪ್ಪಾದ ಒಬ್ಬ ಏಸು ಇದ್ದಾನೆ, ಭೂಕಂಪದ ಒಡೆಯ ಅಂತಾರೆ. 1650 ರ ಭೂಕಂಪದಲ್ಲಿ ಆ ಮೂರ್ತಿ ಹೊರಗೆ ತಂದಾಗ ನೆಲ ಅದುರುವುದು ನಿಂತಿತು ಅಂತ ನಂಬಿಕೆ. ಮೇಣದ ಹೊಗೆಗೆ ಕಪ್ಪಾದದ್ದಂತೆ. ಅತ್ತೆ ಚಪ್ಪಲಿ ಬಿಡೋಕೆ ಜಾಗ ಹುಡುಕಿದರು. ಅದೇ ಕಥೆಡ್ರಲ್‌ನಲ್ಲಿ ಮಾರ್ಕೋಸ್ ಸಪಾತಾ ಬರೆದ ಕೊನೆಯ ಊಟದ ಚಿತ್ರ. ಏಸುವಿನ ಮುಂದಿನ ತಟ್ಟೆಯಲ್ಲಿ ಕಾಲು ಮೇಲೆ ಮಾಡಿದ ಗಿನಿ ಇಲಿ. ಅದನ್ನು ಅತ್ತೆಗೆ ಅನುವಾದ ಮಾಡಲಿಲ್ಲ. ಬದನೆಕಾಯಿ ಅಂದೆ.

ನಿಜವಾದ ಟೂರ್ ಆದದ್ದು ಸ್ಯಾನ್ ಪೆದ್ರೊ ಮಾರುಕಟ್ಟೆಯಲ್ಲಿ. ಒಬ್ಬಾಕೆ ಆಲೂಗಡ್ಡೆ ಮಾರುತ್ತಿದ್ದಳು. ಕಪ್ಪು, ನೇರಳೆ, ಹಳದಿ, ಶುಂಠಿ ಥರ ಗಂಟುಗಂಟಾದದ್ದು. ಪಕ್ಕದ ಚೀಲದಲ್ಲಿ ಗೋಲಿಯಷ್ಟಿದ್ದ, ಹಗುರವಾದ ಕಪ್ಪು ಕಲ್ಲಿನಂಥದ್ದು. ಅತ್ತೆ ಎತ್ತಿಕೊಂಡು ಮೂಸಿ, ‘ಇದು ಒಣಗಿಸಿಟ್ಟದ್ದು, ಸಂಡಿಗೆ ಥರ’ ಅಂದರು. ಗೈಡ್ ಬಾಯಿ ಬಿಟ್ಟಳು. ಅದು ಚುನ್ಯೊ. ಜೂನ್ ತಿಂಗಳ ಕೊರೆಯುವ ರಾತ್ರಿಯಲ್ಲಿ ಆಲೂಗಡ್ಡೆಯನ್ನು ಬಯಲಲ್ಲಿ ಹರಡುತ್ತಾರೆ, ಹೆಪ್ಪುಗಟ್ಟುತ್ತದೆ. ಹಗಲು ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ವರ್ಷಗಟ್ಟಲೆ ಕೆಡುವುದಿಲ್ಲ. ಆಮೇಲೆ ಅರ್ಧ ಗಂಟೆ ಅತ್ತೆ ಕನ್ನಡದಲ್ಲಿ, ಮಾರುವಾಕೆ ಕೆಚುವಾದಲ್ಲಿ. ನಡುವೆ ನಾವಿಬ್ಬರು ಇಂಗ್ಲಿಷಿನ ಸೇತುವೆ. ಆಲೂಗಡ್ಡೆ ಹುಟ್ಟಿದ್ದೇ ಈ ಬೆಟ್ಟಗಳಲ್ಲಿ ಅಂತ ಗೈಡ್ ಹೇಳಿದಾಗ ಮಾತ್ರ ಅತ್ತೆ ಒಪ್ಪಲಿಲ್ಲ. ಅವರ ತವರು ಹಾಸನ.

ಕಲ್ಲುಮಂಟಪ:
ಗೈಡೇ ಬೇಡ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡೆ, ಎರಡು ದಿನ ನಾನೇ ನಡೆದೆ. ಖರ್ಚು ಸೊನ್ನೆ. ಹಂಪಿಯಲ್ಲಿ ಬೆಳೆದವನಿಗೆ ಕಲ್ಲು ಓದೋಕೆ ಇನ್ನೊಬ್ಬ ಹೇಳಿಕೊಡಬೇಕಾಗಿಲ್ಲ. ಇಂಕಾ ಗೋಡೆಯಲ್ಲಿರುವ ಆ ಹೆಸರಾಂತ ಹನ್ನೆರಡು ಮೂಲೆಯ ಕಲ್ಲನ್ನೂ ನಾನೇ ಹುಡುಕಿ, ಎಣಿಸಿ, ಯಾರ ಗದ್ದಲವೂ ಇಲ್ಲದೆ ಫೋಟೊ ತೆಗೆದುಕೊಂಡೆ. ಇಂಕಾ ರೋಕಾ ಅನ್ನುವ ಸಂದಿಯಲ್ಲಿದೆ, ಅಲ್ಲಿ ಜನವೇ ಇಲ್ಲ.

ನಿಜ ಹೇಳಬೇಕೆಂದರೆ ಕುಸ್ಕೊದಲ್ಲಿ ನೋಡೋಕೆ ಇರುವುದು ಗೋಡೆ. ಹಂಪಿಯ ಕಾಲು ಭಾಗವೂ ಅಲ್ಲ. ಕಂಬ ಇಲ್ಲ, ಕೆತ್ತನೆ ಇಲ್ಲ. ಗೈಡ್‌ಗಳು ಬಿಡುವ ಬುರುಡೆ ಬೇರೆ. ಊರು ತುಂಬ ಏಳು ಬಣ್ಣದ ಬಾವುಟ, ಇಂಕಾಗಳದ್ದು ಅಂತ ನನ್ನ ಪಕ್ಕದ ಗುಂಪಿಗೆ ಒಬ್ಬ ಹೇಳುತ್ತಿದ್ದ. ಕಾಮನಬಿಲ್ಲಿನ ಆ ಬಾವುಟವನ್ನು ಊರಿನದು ಅಂತ ಮಾಡಿಕೊಂಡದ್ದು 1978 ರಲ್ಲಿ. ಇಂಕಾಗಳಿಗೂ ಅದಕ್ಕೂ ಸಂಬಂಧ ಇಲ್ಲ.

ಗುಂಡುಕಲ್ಲು:
ಬಾವುಟದ ಮಾತು ಸರಿ, ಒಪ್ಪಿದೆ. ಆದರೆ ಸ್ವಾಮಿ, ಹನ್ನೆರಡು ಮೂಲೆಯ ಕಲ್ಲು ಇರುವುದು ಹಟುನ್ ರುಮಿಯೋಕ್ ಬೀದಿಯಲ್ಲಿ. ಅದರ ಮುಂದೆ ಜನ ಇಲ್ಲದ ಹೊತ್ತೇ ಇಲ್ಲ. ಪಕ್ಕದಲ್ಲಿ ಇಂಕಾ ರಾಜನ ವೇಷ ಹಾಕಿದವನು ಫೋಟೊಗೆ ಕಾಸು ಕೇಳುತ್ತಾ ನಿಂತಿರುತ್ತಾನೆ. 2025 ರ ಫೆಬ್ರವರಿಯಲ್ಲಿ ಒಬ್ಬ ಅದಕ್ಕೆ ಲೋಹದ ವಸ್ತುವಿನಿಂದ ಹೊಡೆದು ಚಕ್ಕೆ ಎಬ್ಬಿಸಿದ ಸುದ್ದಿಯೂ ಬಂದಿತ್ತು. ನೀವು ನಿಂತಿದ್ದು ಪಕ್ಕದ ಸಂದಿಯಲ್ಲಿ, ಪೂಮಾ ಆಕಾರ ತೋರಿಸುವ ಗೋಡೆ ಹತ್ತಿರ. ಯಾವುದೋ ಕಲ್ಲಿನ ಜೊತೆ ಫೋಟೊ ತೆಗೆಸಿಕೊಂಡು ಬಂದಿದ್ದೀರಿ. ಖರ್ಚು ಸೊನ್ನೆ, ನೋಡಿದ್ದೂ ಸೊನ್ನೆ.

ಕೆತ್ತನೆ ಇಲ್ಲ ಅಂದಿರಿ. ಅವರ ಹತ್ತಿರ ಕಬ್ಬಿಣವೇ ಇರಲಿಲ್ಲ. ನಮ್ಮವರು ಉಳಿಯಿಂದ ಸಾಲು ತೂತು ಕೊರೆದು, ಬೆಣೆ ಹೊಡೆದು ಬಂಡೆ ಸೀಳಿದರು. ಹಂಪಿಯ ಬಂಡೆಗಳ ಮೇಲೆ ಆ ಹಲ್ಲಿನ ಗುರುತು ಇವತ್ತಿಗೂ ಇದೆ. ಇವರು ಗಟ್ಟಿ ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ, ಕೂರಿಸಿ ನೋಡಿ, ಎತ್ತಿ, ಮತ್ತೆ ಕುಟ್ಟಿ ಗಾರೆ ಇಲ್ಲದೆ ಸೇರಿಸಿದರು. 1950 ರ ಭೂಕಂಪದಲ್ಲಿ ಸಾಂತೋ ದೊಮಿಂಗೊ ಮಠದ ಸ್ಪೇನ್ ಕಾಲದ ಕಟ್ಟಡ ಬಿದ್ದಿತು. ಒಳಗೆ ಮುಚ್ಚಿಹೋಗಿದ್ದ ಕೊರಿಕಾಂಚ ಅನ್ನುವ ಸೂರ್ಯನ ಗುಡಿಯ ಇಂಕಾ ಗೋಡೆ ನಿಂತೇ ಇತ್ತು. ಬರೀ ಗೋಡೆ ಅಲ್ವಾ?

ಕಲ್ಲುಮಂಟಪ:
ಮೂಲೆ ಎಣಿಸಿದ್ದೇನೆ, ಹನ್ನೆರಡೇ ಇತ್ತು. ನಿಮ್ಮ ಕಲ್ಲಿಗೆ ಪೇಟೆಂಟ್ ಇದೆಯಾ?

ಇನ್ನೊಂದು ಮಾತು. ಹಂಪಿ ಹೆಸರು ಎತ್ತಿದ್ದು ಜಂಬಕ್ಕಲ್ಲ. ಇಂಕಾಗಳನ್ನು ಗೆದ್ದ ಸ್ಪೇನಿನ ಪಿಜಾರೊ ಕುಸ್ಕೊಗೆ ಬಂದದ್ದು 1533. ನಮ್ಮದು ಹಾಳಾದದ್ದು 1565. ಮೂವತ್ತೆರಡು ವರ್ಷದ ಅಂತರ. ಆದರೆ ಅಲ್ಲಿ ಅದೇ ಗೋಡೆ ಮೇಲೆ ಮನೆ ಕಟ್ಟಿಕೊಂಡು ಜನ ಇದ್ದಾರೆ. ಇಂಕಾ ಗೋಡೆಯ ಒಳಗೆ ಕಟಿಂಗ್ ಶಾಪ್ ನೋಡಿದೆ. ಔಷಧಿ ಅಂಗಡಿ ನೋಡಿದೆ. ಅದೂ 1983 ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಊರು, ನಮ್ಮದು 1986. ನಮ್ಮ ಬಜಾರಿನ ಕಲ್ಲು ಮಂಟಪದಲ್ಲಿ ಚಿಕ್ಕಪ್ಪ ಟೀ ಅಂಗಡಿ ಇಟ್ಟಿದ್ದ. 2011 ರ ಜುಲೈನಲ್ಲಿ ಒಂದು ಬೆಳಿಗ್ಗೆ ಬಂದು ಎಬ್ಬಿಸಿದರು. ಪಾರಂಪರಿಕ ತಾಣ, ಇರುವಂತಿಲ್ಲ ಅಂದರು. ಆ ಕಟಿಂಗ್ ಶಾಪ್ ಮುಂದೆ ನಾನು ಹದಿನೈದು ನಿಮಿಷ ನಿಂತಿದ್ದೆ. ಗೈಡ್ ಇದ್ದಿದ್ದರೆ ನಿಲ್ಲೋಕೆ ಬಿಡುತ್ತಿದ್ದನಾ?

ಗುಂಡುಕಲ್ಲು:
ಇದು ಬೇರೆ ಮಾತು. ಇದಕ್ಕೆ ನಾನು ಜಗಳ ಆಡುವುದಿಲ್ಲ. ಕಲ್ಲು ಮಾತ್ರ ತಪ್ಪು ಕಲ್ಲೇ.

ಚೀಟಿರಾಯ:
ಯಾರೂ ಟಿಕೆಟ್ ವಿಷಯ ಎತ್ತಿಲ್ಲ. ಟಿಪ್ ಮೇಲಿನ ವಾಕಿಂಗ್ ಟೂರ್‌ಗಳು ಕಟ್ಟಡದ ಬಾಗಿಲ ತನಕ ಮಾತ್ರ. ಒಳಗೆ ಹೋಗೋಕೆ ಟಿಕೆಟ್ ನಿಮ್ಮದು.

ಬೊಲೆತೊ ತುರಿಸ್ತಿಕೊ ಅಂತ ಒಂದು ದೊಡ್ಡ ಚೀಟಿ. ನಾನು ಹೋದಾಗ ತಲೆಗೆ 130 ಸೋಲ್, ಹತ್ತು ದಿನ ನಡೆಯುತ್ತದೆ. ಸಾಕ್ಸೈವಮಾನ್, ಕೆಂಕೊ, ತಂಬೊಮಚಾಯ್, ಪಿಸಾಕ್, ಒಯಾಂತೈತಾಂಬೊ ಎಲ್ಲ ಅದರಲ್ಲಿ. ಕಥೆಡ್ರಲ್ ಅದರಲ್ಲಿ ಇಲ್ಲ. ಕೊರಿಕಾಂಚ? ಇಲ್ಲೇ ನಾನು ಮುಗ್ಗರಿಸಿದ್ದು. ಚೀಟಿಯಲ್ಲಿ ಕೊರಿಕಾಂಚ ಅಂತ ಅಚ್ಚಾಗಿತ್ತು. ಎಲ್ ಸೋಲ್ ರಸ್ತೆಯ ಕಡೆಯಿಂದ ಬಾಗಿಲು ಸಿಕ್ಕಿತು. ಚೀಟಿಗೆ ತೂತು ಹೊಡೆದರು. ನೆಲದಡಿಯ ಎರಡು ಮೂರು ಕೋಣೆ, ಒಡೆದ ಮಡಕೆ, ತಲೆಬುರುಡೆ. ಇದೇನಾ ಗೋಡೆಗೆಲ್ಲ ಚಿನ್ನದ ತಗಡು ಹೊಡೆದಿದ್ದ ಸೂರ್ಯನ ಗುಡಿ ಅಂತ ನಿರಾಸೆಯಾಗಿ ಹೊರಗೆ ಬಂದೆ. ರಾತ್ರಿ ಹೋಟೆಲಿನವನಿಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ. ನಾನು ನೋಡಿದ್ದು ಪಕ್ಕದ ಮ್ಯೂಸಿಯಂ. ನಿಜವಾದ ಗುಡಿ ಮೇಲಿರುವ ಮಠದ ಒಳಗೆ, ಅದಕ್ಕೆ ಬೇರೆ ಬಾಗಿಲು, ಬೇರೆ ಟಿಕೆಟ್. ಮರುದಿನ ಬೆಳಿಗ್ಗೆ 5 ಕ್ಕೆ ನಮ್ಮ ವಿಮಾನ. ಇಪ್ಪತ್ತೆರಡು ಗಂಟೆ ಹಾರಿ ಹೋಗಿ ಹತ್ತು ಹೆಜ್ಜೆ ದೂರದಲ್ಲಿ ತಪ್ಪಿಸಿಕೊಂಡೆ. ಹೆಂಡತಿ ಈಗಲೂ ಎಲ್ಲಿ ಹೋದರೂ ‘ಇದು ಮೇಲಿನದಾ ಕೆಳಗಿನದಾ’ ಅಂತ ಕೇಳುತ್ತಾಳೆ.

ಹಳೇಬಸ್ಸು:
ಗೈಡ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಂತ ಈಗ ಗುಂಡುಕಲ್ಲು ಹೇಳುತ್ತಾರೆ ನೋಡಿ.

ಗುಂಡುಕಲ್ಲು:
ಆಗುತ್ತಿರಲಿಲ್ಲ.

ಸಾರುಅನ್ನ:
ಮೊಟ್ಟೆಯೂ ಮುಟ್ಟದವರು ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಎಂಟು ಜನ, ನಾಲ್ಕು ಕಿಲೊ ಸೋನಾ ಮಸೂರಿ, ಒಂದು ಎಲೆಕ್ಟ್ರಿಕ್ ರೈಸ್ ಕುಕ್ಕರ್, ಸಾರಿನ ಪುಡಿ, ಚಟ್ನಿಪುಡಿ ಹೊತ್ತುಕೊಂಡು ಹೋದೆವು. ಅಡುಗೆಮನೆ ಇರುವ ರೂಮು ಅಂತ ರಾತ್ರಿಗೆ 35 ಡಾಲರ್ ಜಾಸ್ತಿ ಕೊಟ್ಟೆವು. ಮೊದಲ ರಾತ್ರಿ ಅನ್ನ ಇಟ್ಟೆ. ಕುಕ್ಕರ್ ಕ್ಲಿಕ್ ಅಂತು. ತೆಗೆದರೆ ನಡುವೆ ಕಡ್ಡಿ. ನೀರು ಹಾಕಿ ಮತ್ತೆ ಇಟ್ಟೆ. ಮೇಲೆ ಗಂಜಿ, ಒಳಗೆ ಮತ್ತೂ ಕಡ್ಡಿ. ತೊಗರಿಬೇಳೆಯದು ಹೇಳುವುದೇ ಬೇಡ, ಎರಡು ಗಂಟೆ ಕುದಿದರೂ ಗುಂಡುಗುಂಡಾಗಿ ನಮ್ಮನ್ನೇ ನೋಡುತ್ತಿತ್ತು. ಆ ಎತ್ತರದಲ್ಲಿ ನೀರು 100 ಡಿಗ್ರಿಗೆ ಅಲ್ಲ, 89 ರ ಹತ್ತಿರಕ್ಕೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಬಿಸಿ ಆಗುವುದಿಲ್ಲ. ಮೇಷ್ಟ್ರು ಹೇಳಿದ್ದು ಪಿಯುಸಿಯಲ್ಲಿ, ಅರ್ಥ ಆದದ್ದು ಕುಸ್ಕೊದಲ್ಲಿ.

ಹೊರಗೆ ತಿನ್ನೋಣ ಅಂದರೆ ಕಿನುವಾ ಸೂಪು ಎಲ್ಲ ಕಡೆ ಸಿಗುತ್ತದೆ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತ. ಆದರೆ ಅವರ ಲೆಕ್ಕದಲ್ಲಿ ಕೋಳಿ ಮಾಂಸ ಅಲ್ಲ. ತುಂಡು ತೆಗೆದು ಸೂಪು ಮಾತ್ರ ಕೊಟ್ಟರು. ‘ಸಿನ್ ಪೊಯೊ, ಸಿನ್ ಕಾಲ್ದೊ’ ಅಂತಲೂ ಸೇರಿಸಬೇಕು, ಕೋಳಿಯೂ ಬೇಡ, ಕೋಳಿ ಬೇಯಿಸಿದ ನೀರೂ ಬೇಡ ಅಂತ. ನಮ್ಮ ಮಾವ ಮೂರು ದಿನ ಬೇಯಿಸಿದ ಜೋಳ, ಬೆಣ್ಣೆಹಣ್ಣು, ಬ್ರೆಡ್ಡಿನಲ್ಲೇ ಕಳೆದರು.

ಅಕ್ಕಿರೊಟ್ಟಿ:
ಎಂಟು ಜನಕ್ಕೆ ನಾಲ್ಕು ಕಿಲೊ ಅಕ್ಕಿ ಹೊತ್ತುಕೊಂಡು ಆಂಡೀಸ್ ಬೆಟ್ಟಕ್ಕೆ ಹೋಗಿ ಊಟ ಸರಿ ಇಲ್ಲ ಅನ್ನುತ್ತೀರಲ್ಲ. ಮಾರುಕಟ್ಟೆಯಲ್ಲಿ ಅಷ್ಟು ಬಗೆ ಆಲೂಗಡ್ಡೆ ಇದೆ.

ಸಾರುಅನ್ನ:
ನಿಮ್ಮತ್ತೆ ಮೂರು ಹೊತ್ತೂ ಆಲೂಗಡ್ಡೆ ತಿಂದರಾ? ಬದನೆಕಾಯಿ ಕಥೆ ಹೇಳಿದವರು ನೀವು. ಊಟದ ವಿಷಯದಲ್ಲಿ ನಿಮ್ಮ ಮಾತು ಎಷ್ಟು ನಂಬಬಹುದು ಅಂತ ಗೊತ್ತಾಯಿತು.

ಕಾವೇರಿಸೀಮೆ:
ಎಲ್ಲರಿಗೂ ಧನ್ಯವಾದ. ಒಯಾಂತೈತಾಂಬೊ ಮೊದಲು ಅನ್ನುವುದು ಮನಸ್ಸಿಗೆ ಬಂತು, ರೂಮು ಬದಲಾಯಿಸುತ್ತಿದ್ದೇನೆ. ಅಮ್ಮನ ಮೊಣಕಾಲಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಗುಂಡುಕಲ್ಲು:
ಸುಲಭ. ಸ್ಯಾನ್ ಬ್ಲಾಸ್ ಮೇಲಿನ ತನಕ ಟ್ಯಾಕ್ಸಿಯಲ್ಲಿ ಹೋಗಿ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತಾ ಪ್ಲಾಸಾಗೆ ಬನ್ನಿ. ನಾನು ಹಾಗೇ ಮಾಡಿದ್ದು.

ಕಾವೇರಿಸೀಮೆ:
ಇಳಿಯುವುದೇ ಕಷ್ಟ ಅಂತ ಬರೆದಿದ್ದೆ.

ಅಕ್ಕಿರೊಟ್ಟಿ:
ಅವರ ಮಾತು ಬಿಡಿ. ಸ್ಯಾನ್ ಬ್ಲಾಸ್ ಕಲ್ಲುಹಾಸು ಸವೆದು ಗಾಜಿನ ಹಾಗಾಗಿದೆ, ಮಳೆ ಹನಿ ಬಿದ್ದರೆ ನಿಮ್ಮಂಥ ಹುಡುಗರೇ ಜಾರುತ್ತೀರಿ. ಫುಟ್‌ಪಾತ್ ಒಬ್ಬರಿಗೇ ಸಾಲದು. ಪ್ಲಾಸಾದಿಂದ ಲೊರೆತೊ ಸಂದಿ ಹಿಡಿದು ಕೊರಿಕಾಂಚಕ್ಕೆ ಹೋಗಿ. ಹತ್ತು ನಿಮಿಷದ ದಾರಿ, ಇಳಿಜಾರು ತೀರಾ ಕಡಿಮೆ, ಎರಡೂ ಕಡೆ ಇಂಕಾ ಗೋಡೆ. ಅಮ್ಮ ಕೈ ಊರಿಕೊಂಡು ನಡೆಯಬಹುದು. ಸಾಕ್ಷಿ ವಾಮನಕ್ಕೆ ಟ್ಯಾಕ್ಸಿ. ಮೊದಲನೇ ಬಯಲಿನಿಂದಲೇ ಅಂಕುಡೊಂಕು ಗೋಡೆ ಪೂರ್ತಿ ಕಾಣುತ್ತದೆ, ಹತ್ತುವುದು ಬೇಡ. ಮಾರುಕಟ್ಟೆ ಸಮತಟ್ಟು. ನಿಮಗೇ ಅಂತ ಗೈಡ್ ಮಾಡಿಕೊಂಡರೆ ಇಷ್ಟನ್ನೇ ಮಾಡಿ ಅಂತ ಹೇಳಬಹುದು. 28 ಜನರ ಗುಂಪು ನಿಮ್ಮ ಅಮ್ಮನಿಗೆ ಕಾಯುವುದಿಲ್ಲ.

ಹಳೇಬಸ್ಸು:
ಆ ಗೈಡ್ ಕೂಡ ಸ್ವೆಟರ್ ಅಂಗಡಿಗೆ ಕರೆದುಕೊಂಡು ಹೋದಳಾ, ನಿಜ ಹೇಳಿ.

ಅಕ್ಕಿರೊಟ್ಟಿ:
ಹೋದಳು. ನಾವು ತೆಗೆದುಕೊಳ್ಳಲಿಲ್ಲ.

ಕಲ್ಲುಮಂಟಪ:
ಹಳೇ ಫೋಟೊ ದೊಡ್ಡದು ಮಾಡಿ ಮತ್ತೆ ಎಣಿಸಿದೆ. ಹನ್ನೊಂದು. ಒಂದು ಮೂಲೆ ನೆರಳು.

ಗುಂಡುಕಲ್ಲು:
😀

ಕಾವೇರಿಸೀಮೆ:
ನಮಗೇ ಅಂತ ಗೈಡ್ ಮಾಡಿದೆವು, ನಾಲ್ಕು ಗಂಟೆಗೆ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅಮ್ಮ ಒಳಗಿನಿಂದ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ರೈಸ್ ಕುಕ್ಕರ್ ಆಗಲ್ಲ ಸರಿ, ಸೀಟಿ ಹೊಡೆಯುವ ಪ್ರೆಶರ್ ಕುಕ್ಕರ್ ಆದರೆ?

ಸಾರುಅನ್ನ:
ಆಗುತ್ತದೆ. 3 ಲೀಟರಿನದು ಸಾಕು. ಎರಡು ಸೀಟಿ ಜಾಸ್ತಿ ಕೂಗಿಸಿ. ಗ್ಯಾಸ್ಕೆಟ್ ಇನ್ನೊಂದು ಇಟ್ಟುಕೊಳ್ಳಿ, ನಮ್ಮ ಕುಕ್ಕರಿನದು ಅಲ್ಲಿ ಸಿಗದಿರಬಹುದು.